ಸಹಾಯ ಬೇಕು: ಅಗಲ ಡೆಕ್ಕಿನ ಲಾನ್ ಮೂವರ್ ಒಂದು ಬದಿ ಹುಲ್ಲನ್ನು ಹರಿಯುತ್ತಿದೆ

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಸುಂಟಿಕೊಪ್ಪದ ಬಳಿಯ ನಮ್ಮ ಹೋಂಸ್ಟೇ ಮುಂದಿನ ಅರ್ಧ ಎಕರೆ ಹುಲ್ಲುಹಾಸಿಗಾಗಿ, 36 ಇಂಚು, ಅಂದರೆ ಸುಮಾರು 91 ಸೆಂಟಿಮೀಟರ್ ಅಗಲದ ಡೆಕ್ (ಬ್ಲೇಡ್‌ಗಳ ಮೇಲಿನ ಕವಚ) ಇರುವ, ಹಿಂದೆ ನಡೆಯುತ್ತ ಓಡಿಸುವ ಪೆಟ್ರೋಲ್ ಲಾನ್ ಮೂವರ್ ಒಂದನ್ನು ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಅದರ ಎರಡು ಬ್ಲೇಡ್‌ಗಳು ಬೆಲ್ಟ್ ಮೂಲಕ ತಿರುಗುತ್ತವೆ.

ಮಳೆಗಾಲ ಮುಗಿದು ಯಂತ್ರವನ್ನು ಹೊರತೆಗೆದಂದಿನಿಂದ ಬಲಬದಿಯ ಬ್ಲೇಡ್ ಹುಲ್ಲನ್ನು ಕತ್ತರಿಸುವ ಬದಲು ಹರಿದುಹಾಕುತ್ತಿದ್ದು, ಆ ಬದಿಯಲ್ಲಿ ಅರ್ಧ ಇಂಚಿನಷ್ಟು ಎತ್ತರದ ಪಟ್ಟಿಯೊಂದು ಉಳಿಯುತ್ತಿದೆ. ಟೈರುಗಳ ಗಾಳಿ ಸಮ ಮಾಡಿದ್ದೇನೆ. ಬ್ಲೇಡ್ ಹರಿತ ಮಾಡಿಸಿ, ಮೊಳೆಗೆ ನೇತುಹಾಕಿ ತೂಕ ಸಮವಿದೆಯೇ ಎಂದು ನೋಡಿದ್ದೇನೆ. ಡೆಕ್ಕಿನ ಅಡಿಗೆ ಅಂಟಿದ್ದ ಹುಲ್ಲು, ಕೆಸರನ್ನೆಲ್ಲ ಕೆರೆದು ತೆಗೆದಿದ್ದೇನೆ (ನಮ್ಮ ಕೆಂಪು ಮಣ್ಣು ಒಣಗಿದರೆ ಗಾರೆಯೇ ಸರಿ). ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ ಕೈಯಿಂದ ತಿರುಗಿಸಿದಾಗ ಬಲಬದಿಯ ಸ್ಪಿಂಡಲ್ (ಬ್ಲೇಡ್ ಕೂತಿರುವ, ತಿರುಗುವ ದಂಡ) ಕರಕರ ಎನ್ನುತ್ತದೆ, ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅಲ್ಲಾಡುತ್ತದೆ. ಬೇರಿಂಗಿಗೆ ನೀರಿಳಿದು ತುಕ್ಕು ಹಿಡಿದಿರಬೇಕೆಂಬುದು ನನ್ನ ಅಂದಾಜು. ಬೆಲ್ಟ್ ಬದಲಿಸಿ ಎಂದ ಅಂಗಡಿಯವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ; ಬೆಲ್ಟ್ ಜಾರಿದರೆ ವೇಗ ಕುಗ್ಗೀತೇ ಹೊರತು ಬ್ಲೇಡ್ ಅಲ್ಲಾಡದು.

ಕುಶಾಲನಗರ, ಮಡಿಕೇರಿ ಅಥವಾ ಸೋಮವಾರಪೇಟೆಯಲ್ಲಿ ಸ್ಪಿಂಡಲ್ ಬಿಚ್ಚಿ, ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ (ಒತ್ತುವ ಯಂತ್ರದಲ್ಲಿ) ಕೂರಿಸಿಕೊಡುವ ವರ್ಕ್‌ಶಾಪ್ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಹಳೆಯ ಬೇರಿಂಗಿನ ಮೇಲಿನ ನಂಬರ್ ನೋಡಿ ಸಾಮಾನ್ಯ ಅಂಗಡಿಯಲ್ಲೇ ಕೊಂಡರೆ ಸಾಕೇ, ಎಡಬದಿಯದನ್ನೂ ಜೊತೆಗೇ ಬದಲಿಸಬೇಕೇ ಎಂಬುದನ್ನು ಅನುಭವಸ್ಥರು ಹೇಳಿದರೆ ಉಪಕಾರವಾಗುತ್ತದೆ. ಹುತ್ತರಿ ಹಬ್ಬಕ್ಕೆ ಅತಿಥಿಗಳು ಬರುವವರಿದ್ದಾರೆ. ಅಷ್ಟರೊಳಗೆ ಯಂತ್ರ ಸರಿಯಾಗಬೇಕಿದೆ.