ಕರೆಂಟ್ ಹೋದಾಗ ಬರೆದದ್ದೂ ಹೋಯಿತು, ಅಪ್ಪಯ್ಯನಿಗೆ ಕಂಪ್ಯೂಟರ್ ಎಲ್ಲಿಂದ ಕಲಿಸಲಿ?

ಹುಲೇಕಲ್‌ದಾರಿ:
ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಒಳಗೆ, ಹುಲೇಕಲ್ ಕಡೆ. ಅಪ್ಪಯ್ಯ ನಿವೃತ್ತ ಮೇಷ್ಟ್ರು, ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಾರೆ. ಅದರ ಟಿಪ್ಪಣಿಗಳು ಹಳೇ ನೋಟ್‌ಬುಕ್ಕುಗಳಲ್ಲಿ ರಾಶಿ ಬಿದ್ದಿವೆ, ಎಲ್ಲ ಟೈಪ್ ಮಾಡಿ ಇಡಬೇಕು ಅಂತ ಅವರಿಗೇ ಆಸೆ ಹುಟ್ಟಿದೆ. ಅದಕ್ಕೇ ಒಂದು ಡೆಸ್ಕ್‌ಟಾಪ್ ತಂದೆವು. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ.

ಮೊನ್ನೆ ಮಳೆಗೆ ಕರೆಂಟ್ ಹೋಯಿತು. ಮಧ್ಯಾಹ್ನವೆಲ್ಲ ಕೂತು ವರ್ಡ್‌ನಲ್ಲಿ ಹೊಡೆದ ಎರಡು ಪುಟವೂ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಫ್ಯಾನ್ ತಿರುಗುತ್ತಲೇ ಇತ್ತು, ಆದರೂ ಕಂಪ್ಯೂಟರ್ ಮಾತ್ರ ಆಫ್ ಆಗಿ ಮತ್ತೆ ಆನ್ ಆಯಿತಂತೆ. "512 ಜಿಬಿ ಇದ್ದೂ ಎರಡು ಪುಟ ಹಿಡಿಯಲಿಲ್ಲವಾ?" ಅಂತ ಕೇಳುತ್ತಾರೆ. ಏನು ಹೇಳಲಿ? ನಾನು ಬೆಂಗಳೂರಿನಲ್ಲಿದ್ದೇನೆ, ಫೋನಿನಲ್ಲೇ ಕಲಿಸಬೇಕು. ಪೇಟೆಯಲ್ಲಿ ಕೋರ್ಸಿಗೆ ಸೇರಿಸುವುದು ಒಳ್ಳೆಯದಾ?

ಸಿದ್ದಾಪುರದ_ಟೀಚರ್:
ಕೋರ್ಸ್ ಸದ್ಯಕ್ಕೆ ಬೇಡ. ಅಪ್ಪಯ್ಯನ ಪ್ರಶ್ನೆ ಬಹಳ ಒಳ್ಳೆಯದು, ಅಲ್ಲಿಂದಲೇ ಶುರು ಮಾಡಿ. ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ, ಅಲ್ಲೂ ಮಕ್ಕಳಿಗೆ ಗೊಂದಲ ಆಗುವುದು ಇಲ್ಲೇ.

ಟೈಪ್ ಮಾಡಿದ ಅಕ್ಷರ ಮೊದಲು ಹೋಗಿ ಕೂರುವುದು ರ‍್ಯಾಮ್‌ನಲ್ಲಿ. ಕರೆಂಟ್ ಇರುವವರೆಗೆ ಮಾತ್ರ ಅದಕ್ಕೆ ನೆನಪು. ಎಸ್‌ಎಸ್‌ಡಿ ಹಾಗಲ್ಲ, ಕರೆಂಟ್ ಹೋದರೂ ಅದರಲ್ಲಿದ್ದದ್ದು ಇರುತ್ತದೆ, ಆದರೆ ಸೇವ್ ಮಾಡಿದ್ದಷ್ಟೇ ಅಲ್ಲಿಗೆ ತಲುಪುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಗೂ ಅಟ್ಟಕ್ಕೆ ಏರಿಸಿದ ಅಡಿಕೆಗೂ ಇರುವ ವ್ಯತ್ಯಾಸ ಅನ್ನಿ, ತಕ್ಷಣ ಹೊಳೆಯುತ್ತದೆ. ಅಟ್ಟ ಎಷ್ಟು ದೊಡ್ಡದಿದ್ದರೇನು, ಮಳೆ ಬಂದರೆ ಅಂಗಳದಲ್ಲಿದ್ದದ್ದು ಒದ್ದೆಯೇ ಅಲ್ವಾ.

ಹಾಗಾಗಿ ಮೊದಲ ಪಾಠ ಕಂಟ್ರೋಲ್ ಹಿಡಿದು ಎಸ್ ಒತ್ತುವುದು. ಒಂದು ಪ್ಯಾರಾ ಮುಗಿದರೆ ಒಮ್ಮೆ ಒತ್ತಲಿ, ಕೈಗೆ ರೂಢಿ ಆಗುವವರೆಗೆ. ಮೊದಲ ಸಲ ಒತ್ತಿದಾಗ ಹೆಸರು ಏನು, ಎಲ್ಲಿಡಲಿ ಅಂತ ಕೇಳುತ್ತದೆ. ಹೆಚ್ಚಿನವರು ಸುಮ್ನೆ ಎಂಟರ್ ಒತ್ತಿಬಿಡುತ್ತಾರೆ, ಆಮೇಲೆ ಫೈಲ್ ಎಲ್ಲಿ ಅಂತ ಹುಡುಕುತ್ತಾರೆ. ಡಾಕ್ಯುಮೆಂಟ್ಸ್ ಒಳಗೆ ತಾಳಮದ್ದಲೆ ಅಂತ ಒಂದು ಫೋಲ್ಡರ್ ಮಾಡಿಸಿ, ಅದರೊಳಗೆ ಪ್ರಸಂಗಕ್ಕೊಂದು ಫೈಲ್. ಹೆಸರು ಕನ್ನಡದಲ್ಲೇ ಕೊಡಬಹುದು. ಆಮೇಲೆ ಎಲ್ಲ ಮುಚ್ಚಿಸಿ, ಆ ಫೋಲ್ಡರಿಗೆ ತಾವೇ ಹೋಗಿ ಫೈಲ್ ತೆರೆಯಲು ಹೇಳಿ. ಇಷ್ಟು ಬಂದರೆ ಅರ್ಧ ಭಯ ಹೋದ ಹಾಗೆ.

ಹೋದ ಎರಡು ಪುಟದ ಆಸೆ ಈಗಲೇ ಬಿಡಬೇಡಿ. ವರ್ಡ್‌ನಲ್ಲಿ ಫೈಲ್, ಇನ್ಫೋ, ಮ್ಯಾನೇಜ್ ಡಾಕ್ಯುಮೆಂಟ್ ಒತ್ತಿ, ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್ ಅನ್ನುವುದನ್ನು ನೋಡಿ. ಸೆಟ್ಟಿಂಗ್ ಬದಲಿಸಿರದಿದ್ದರೆ ವರ್ಡ್ 10 ನಿಮಿಷಕ್ಕೊಮ್ಮೆ ನಾವು ಸೇವ್ ಮಾಡದಿದ್ದರೂ ತಾನಾಗಿ ಒಂದು ಪ್ರತಿ ಇಟ್ಟುಕೊಳ್ಳುತ್ತದೆ.

ಕಾರವಾರ_ರಿಪೇರಿ:
ಟೀಚರ್ ಹೇಳಿದ್ದು ಸರಿ. ನಾನು ಇನ್ವರ್ಟರ್ ವಿಷಯ ಹೇಳುತ್ತೇನೆ. ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರಿಗೆ ಕ್ಷಣದಷ್ಟು ಹೊತ್ತು ಬೇಕು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಅಷ್ಟರಲ್ಲೇ ಬಂದ್. ಇನ್ವರ್ಟರಿನ ಹಿಂದೆ ಅಥವಾ ಮುಂದೆ ಯುಪಿಎಸ್ ಅಂತ ಬರೆದ ಸಣ್ಣ ಸ್ವಿಚ್ ಇದೆಯಾ ನೋಡಿ, ತುಂಬಾ ಮಾಡೆಲ್‌ಗಳಲ್ಲಿ ಇರುತ್ತದೆ. ಅದನ್ನು ಹಾಕಿದರೆ ಬೇಗ ಬದಲಾಗುತ್ತದೆ. ಒಂದೇ ತೊಂದರೆ, ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ನಿಮ್ಮಲ್ಲಿ ಲೋ ವೋಲ್ಟೇಜ್ ಜಾಸ್ತಿ ಇದ್ದರೆ ಬ್ಯಾಟರಿ ಬೇಗ ಖಾಲಿ. ಹಾಗಿದ್ದರೆ ಕಂಪ್ಯೂಟರಿಗೆ ಮಾತ್ರ ಸಣ್ಣ ಯುಪಿಎಸ್ ಹಾಕಿ, ಅಂದರೆ ಕರೆಂಟ್ ಹೋದ ಕೂಡಲೇ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ. ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು.

ಗುಡುಗು ಕೇಳಿಸಿದರೆ ಸ್ವಿಚ್ ಆಫ್ ಮಾಡುವುದು ಸಾಲದು, ಪ್ಲಗ್ಗೇ ಕೀಳಬೇಕು. ರೂಟರಿನ ಅಡಾಪ್ಟರ್, ಇಂಟರ್ನೆಟ್ ಕೇಬಲ್ ಕೂಡ. ಹಳೇ ತಾಮ್ರದ ಫೋನ್ ಲೈನ್ ಇದ್ದರಂತೂ ಸಿಡಿಲಿನ ಹೊಡೆತ ಅದರಲ್ಲೂ ಒಳಗೆ ಬರುತ್ತದೆ. ಮದರ್‌ಬೋರ್ಡ್ ಸುಟ್ಟ ಕಂಪ್ಯೂಟರ್ ನನ್ನ ಟೇಬಲ್ಲಿಗೆ ಪ್ರತಿ ಮಳೆಗಾಲ ಬರುತ್ತವೆ, ನೋಡಿ ಬೇಸರ ಆಗುತ್ತದೆ. ಮತ್ತೆ, ಟೀಚರ್ ಹೇಳಿದ ಅಟ್ಟವೂ ಒಂದು ದಿನ ಕೈಕೊಡಬಹುದು. ವಾರಕ್ಕೊಮ್ಮೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ತೆಗೆದಿಡಿ.

ಕುಮಟಾ_ಡಿಟಿಪಿ:
ಇನ್ನೊಂದು ಮುಖ್ಯ ವಿಷಯ. ಬರೆಯುವುದು ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರ್, ಫೋನಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಇರಲಿ, ಇದನ್ನು ಮೊದಲ ದಿನವೇ ನೋಡಿಕೊಳ್ಳಿ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆ ಕಾಣುತ್ತದೆ. ಯೂನಿಕೋಡ್ ಆದರೆ ನೀವು ಬೆಂಗಳೂರಿನಲ್ಲಿ ಫೋನಿನಲ್ಲೇ ಓದಬಹುದು.

ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿದರೆ ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ಆದರೆ ನಾನು ಹೇಳುವುದು ಕನ್ನಡ ಗಣಕ ಪರಿಷತ್ತಿನ ನುಡಿಯನ್ನೇ. ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಇದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕಲಿಯಲು ಸುಲಭ.

ಹುಲೇಕಲ್‌ದಾರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಿಕವರಿಯಲ್ಲಿ ಒಂದೂವರೆ ಪುಟ ಸಿಕ್ಕಿತು! ಇನ್ವರ್ಟರಿನ ಹಿಂದೆ ಸ್ವಿಚ್ಚೂ ಇತ್ತು. ನುಡಿ ಹಾಕಿಸಿದೆ, ಈಗ ಒತ್ತಕ್ಷರ ಹೇಗೆ ಅಂತ ಕೇಳುತ್ತಿದ್ದಾರೆ.

ಕುಮಟಾ_ಡಿಟಿಪಿ:
ಎರಡು ವ್ಯಂಜನದ ನಡುವೆ ಎಫ್ ಒತ್ತಬೇಕು. "ಪದ್ಯ" ಅನ್ನುವ ಪದ ಬರೆಯಲು ಪಿ, ಡಿ, ಎಫ್, ವೈ. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಲಿ.