ಜಾಲತಾಣದ ವಾಕ್ಯಗಳನ್ನು ಅಲ್ಪಸ್ವಲ್ಪ ಬದಲಿಸಿದ ಇಂಗ್ಲಿಷ್ ಪ್ರಬಂಧಕ್ಕೆ ಸೊನ್ನೆ ಕೊಡಬೇಕೇ?

ಪ್ರಶ್ನೆ (ಉಪನ್ಯಾಸಕಿ, ಶಿರಸಿ)
ಕನ್ನಡ ಮಾಧ್ಯಮದಲ್ಲಿ ಓದಿಬಂದ ಪದವಿ ವಿದ್ಯಾರ್ಥಿಗಳಿಗೆ, 1983ರಲ್ಲಿ ನಮ್ಮ ಸಾಲ್ಕಣಿ ಭಾಗದಲ್ಲಿ ಆರಂಭವಾದ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆದ ಅಪ್ಪಿಕೋ ಚಳವಳಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದ್ದೆ. ಹೆಚ್ಚಿನವರು ಜಾಲತಾಣದ ವಾಕ್ಯಗಳ ಕಟ್ಟನ್ನು ಹಾಗೆಯೇ ಉಳಿಸಿಕೊಂಡು, ನಿಘಂಟು ನೋಡಿ ಒಂದೊಂದು ಪದವನ್ನು ಬದಲಿಸಿದ್ದಾರೆ. ಒಬ್ಬಳ ಹಾಳೆಯಲ್ಲಿ 'ಮೂವ್‌ಮೆಂಟ್' ಎಂಬುದು 'ಮೋಷನ್' ಆಗಿದೆ. ಮೂಲದ ಉಲ್ಲೇಖ ಎಲ್ಲಿಯೂ ಇಲ್ಲ. ಸೊನ್ನೆ ಕೊಡಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ (ನಿವೃತ್ತ ಅಧ್ಯಾಪಕ, ಕುಮಟಾ)
ಮೇಡಂ, ಸೊನ್ನೆ ಬೇಡ. ಅಮೆರಿಕದ ವಿದ್ವಾಂಸೆ ರೆಬೆಕಾ ಮೂರ್ ಹೋವರ್ಡ್ ಅವರು 1990ರ ದಶಕದಲ್ಲಿ ಇಂತಹ ಬರವಣಿಗೆಗೆ 'ಪ್ಯಾಚ್‌ರೈಟಿಂಗ್' ಎಂದು ಹೆಸರಿಟ್ಟು, ವಿಷಯವೂ ಭಾಷೆಯೂ ಇನ್ನೂ ಕೈಗೆ ಹತ್ತದ ಬರಹಗಾರರು ಹಾದುಹೋಗುವ ಕಲಿಕೆಯ ಹಂತವೆಂದು ಅದನ್ನು ನೋಡಬೇಕೆಂದು ವಾದಿಸಿದರು. ಆ ಹುಡುಗಿ ನಿಘಂಟು ಹಿಡಿದು ಹೆಣಗಿದ್ದಾಳೆ ಎಂಬುದಕ್ಕೆ 'ಮೋಷನ್' ಎಂಬ ಪದವೇ ಸಾಕ್ಷಿ. ವೇಷ, ಕುಣಿತಗಳಿಲ್ಲದೆ ಹಾಡು-ಮಾತುಗಳಲ್ಲೇ ನಡೆಯುವ ಯಕ್ಷಗಾನದ ಪ್ರಕಾರವಾದ ತಾಳಮದ್ದಲೆಯನ್ನು ನೆನಪಿಸಿ ವಿವರಿಸಿದರೆ ನಮ್ಮ ಕಡೆಯ ಮಕ್ಕಳಿಗೆ ಬೇಗ ತಿಳಿಯುತ್ತದೆ: ಭಾಗವತರು ಹಾಡುವ ಪದ್ಯ ಪ್ರಸಂಗಕರ್ತನದು, ಅರ್ಥಧಾರಿ ಆಡುವ ಮಾತು ಅರ್ಥಧಾರಿಯದೇ, ಪದ್ಯದ ಸಾಲನ್ನೇ ತಿರುಗಿ ಒಪ್ಪಿಸಿದರೆ ಅದನ್ನು ಯಾರೂ ಅರ್ಥವೆನ್ನುವುದಿಲ್ಲ. ಮೂಲವನ್ನು ಓದಿಸಿ, ಮುಚ್ಚಿಡಿಸಿ, ಮೊದಲು ಕನ್ನಡದಲ್ಲೋ ಕೊಂಕಣಿಯಲ್ಲೋ ಬಾಯಿಬಿಟ್ಟು ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ.

ಉತ್ತರ (ವಕೀಲೆ, ಕಾರವಾರ)
ಕೃತಿಸ್ವಾಮ್ಯವನ್ನೂ ಕೃತಿಚೌರ್ಯವನ್ನೂ ಬೆರೆಸಬಾರದು. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿಗೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಇರುವುದಿಲ್ಲ. ಆದರೂ ಅದನ್ನು ತನ್ನದೆಂದು ಒಪ್ಪಿಸಿದರೆ ಅದು ಚೌರ್ಯವೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರತಿ ಮಾಡಿಕೊಳ್ಳಲು ಅವಕಾಶ ನೀಡಿದೆ. ಆದರೆ ನಾವು ತರಗತಿಯಲ್ಲಿ ಹಂಚುವ ಝೆರಾಕ್ಸ್ ಹಾಳೆಗಳ ಮೇಲೆ ಎಷ್ಟೋ ಸಲ ಲೇಖಕರ ಹೆಸರೇ ಇರುವುದಿಲ್ಲವೆಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಮಕ್ಕಳು ಉಲ್ಲೇಖಿಸುವುದನ್ನು ಎಲ್ಲಿಂದ ಕಲಿಯಬೇಕು?

ಉತ್ತರ (ಉಪನ್ಯಾಸಕ, ಹೊನ್ನಾವರ)
ಕುಮಟಾದ ಸರ್ ಹೇಳಿದ್ದನ್ನು ಮೊದಲ ವರ್ಷದವರ ಮಟ್ಟಿಗೆ ಒಪ್ಪುತ್ತೇನೆ. ಉಲ್ಲೇಖದ ಕ್ರಮವನ್ನು ಕಲಿಸಿಯಾದ ಮೇಲೂ ಅಂತಿಮ ವರ್ಷದವರು ಇದನ್ನೇ ಮಾಡಿದರೆ ಅಂಕ ಕಡಿಯಲೇಬೇಕು. ಇಲ್ಲವಾದರೆ ಕಷ್ಟಪಟ್ಟು ಸ್ವಂತವಾಗಿ ಬರೆದವರಿಗೆ ಅನ್ಯಾಯವಾಗುತ್ತದೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಅಂಕ ಹಾಕದೆ ಪ್ರಬಂಧಗಳನ್ನು ಹಿಂದಿರುಗಿಸಿ, ಚಳವಳಿಯಲ್ಲಿದ್ದ ಊರಿನ ಹಿರಿಯರನ್ನು ಕನ್ನಡದಲ್ಲಿ ಮಾತನಾಡಿಸಿ, ಅವರ ಒಪ್ಪಿಗೆ ಪಡೆದು, ಯಾವ ಮಾತು ಯಾರದೆಂದು ಹೆಸರು ಹಾಕಿ ಮತ್ತೊಮ್ಮೆ ಬರೆದು ತರಲು ಹೇಳುತ್ತೇನೆ.