ಅಪ್‌ಡೇಟ್: ಬೈಬಲ್‌ನ ಮತ್ತಾಯ 11:28ರ ವಿಶ್ರಾಂತಿ ಬಗ್ಗೆ ಕೇಳಿದ್ದೆ

ಅಮ್ಮ ತೀರಿಕೊಂಡ ಮೇಲೆ ಎಷ್ಟು ಪ್ರಾರ್ಥಿಸಿದರೂ ನೆಮ್ಮದಿ ಇಲ್ಲ, ದಣಿದವರಿಗೆ ಯೇಸು ಕೊಡುತ್ತೇನೆಂದ ವಿಶ್ರಾಂತಿ ನನಗ್ಯಾಕೆ ಸಿಗುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಆ ವಚನ ಒಂದನ್ನೇ ಓದಬೇಡಿ, ಮುಂದಿನ ಅಧ್ಯಾಯವನ್ನೂ ಓದಿ ಎಂದು ಒಬ್ಬರು ಹೇಳಿದ್ದರು. ಅದೇ ಜಾಸ್ತಿ ಸಹಾಯ ಮಾಡಿತು. 12ನೇ ಅಧ್ಯಾಯ ಶುರುವಾಗುವುದೇ ಸಬ್ಬತ್ ದಿನದ (ಯೆಹೂದ್ಯರು ಕೆಲಸ ಮಾಡದೆ ವಿಶ್ರಮಿಸುವ ದಿನ) ಜಗಳದಿಂದ. ಹಸಿದ ಶಿಷ್ಯರು ತೆನೆ ಕಿತ್ತು ತಿನ್ನುತ್ತಾರೆ. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರು, ಆ ದಿನ ಹಾಗೆ ಮಾಡಬಾರದು ಎಂದು ತಪ್ಪು ಹಿಡಿಯುತ್ತಾರೆ. ಯೇಸು ಶಿಷ್ಯರ ಪರ ನಿಲ್ಲುತ್ತಾರೆ. ಎಲ್ಲ ನಿಯಮ ಪೂರೈಸಿ ಆಮೇಲೆ ಬಾ ಎಂದು ಅವರು ಇಲ್ಲಿ ಹೇಳುವುದಿಲ್ಲ.

ಇನ್ನೊಂದು, ತಮ್ಮ ಗೆಳೆಯ ಲಾಜರನ ಸಾವಿಗೆ ಯೇಸುವೇ ಅತ್ತರು, ಅಲ್ವಾ? (ಯೋಹಾನ 11:35.) ಅಳು ಬಂದರೆ ನಂಬಿಕೆ ಕಡಿಮೆ ಎಂದು ಈಗ ಅನಿಸುವುದಿಲ್ಲ.

ದುಃಖ ಹೋಗಿಲ್ಲ. ಆದರೆ ನಿದ್ದೆ ಬರುತ್ತಿದೆ. ತಂಗಿಯ ಜೊತೆ ಯೋಹಾನ 14 ಓದಲು ಶುರು ಮಾಡಿದ್ದೇನೆ.